ಫಾಸ್ಟ್: ಓಟವೋ, ಬಿಗಿಯೋ, ಉಪವಾಸವೋ?



ನಮ್ಮ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೇಳಿಬರುವ ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಮಾಡಿದರೆ ‘ಫಾಸ್ಟ್’ ಎಂಬುದು ಮೊದಲ ಸಾಲಿನಲ್ಲೇ ಬರುವುದರಲ್ಲಿ ಸಂದೇಹವಿಲ್ಲ. "ಫಾಸ್ಟಾಗಿ ತಿನ್ನು, ಬಸ್ಸು ಬಂತು." "ಫಾಸ್ಟಾಗಿ ಹೇಳು, ಮೀಟಿಂಗಿದೆ." "ಈ ರೋಡಲ್ಲಿ ಹೋದ್ರೆ ಫಾಸ್ಟು." ಪ್ಲೇನೋ ಆಗಲಿ, ಕೇಟಿ ಆಗಲಿ, ರೌಂಡ್ ರಾಕ್ ಆಗಲಿ, ಊರು ಬೇರೆಯಾದರೂ ಮಾತು ಇದೇ. ದಿನಕ್ಕೆ ಇಷ್ಟು ಸಲ ಬಳಸುವ ಪದವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಡವೇ? ಈ ಸಂಚಿಕೆಯಲ್ಲಿ ಅಷ್ಟು ಮಾಡೋಣ. ಪದದ ಚರಿತ್ರೆಯಿಂದ ಹೊರಟು ನಮ್ಮ ನಡತೆಯ ಪ್ರಶ್ನೆಯೊಂದಕ್ಕೆ ಬರೋಣ.

ಮೊದಲು ಪದದ ಸಮಾಚಾರ. ಫಾಸ್ಟ್ ಎಂದರೆ ವೇಗ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಆದರೆ ‘ಫಾಸ್ಟ್ ಅಸ್ಲೀಪ್’ ಎಂದಾಗ ಯಾರೂ ವೇಗವಾಗಿ ನಿದ್ದೆ ಮಾಡುತ್ತಿಲ್ಲ. ಗಾಢನಿದ್ದೆಯಲ್ಲಿ ಅಲ್ಲಾಡದೆ ಬಿದ್ದಿದ್ದಾರೆ ಎಂದರ್ಥ. ವಿಮಾನದಲ್ಲಿ ಕುಳಿತ ಕೂಡಲೆ ‘ಫಾಸನ್’ ಮಾಡಿ ಎನ್ನುವುದು ಸೀಟಿನ ಬೆಲ್ಟನ್ನು, ಅಂದರೆ ಬಿಗಿಯಿರಿ ಎಂದು. ‘ಸ್ಟೆಡ್‌ಫಾಸ್ಟ್’ ಎಂದರೆ ಅಚಲವಾಗಿ ನಿಂತವನು. ಊರಿನ ಬಟ್ಟೆ ಅಂಗಡಿಯಲ್ಲಿ ನಮ್ಮ ತಾಯಂದಿರು ಸೆರಗನ್ನು ಬೆರಳಿನಲ್ಲಿ ಉಜ್ಜಿ "ಬಣ್ಣ ಬಿಡೋದಿಲ್ಲ ತಾನೇ?" ಎಂದು ಕೇಳಿದರೆ, ಅಂಗಡಿಯವರು "ಗ್ಯಾರಂಟಿ ಅಮ್ಮಾ, ಫಾಸ್ಟ್ ಕಲರ್" ಎನ್ನುತ್ತಿದ್ದರು. ಆ ಬಣ್ಣ ಓಡುವ ಬಣ್ಣವಲ್ಲ, ಓಡದೆ ನೂಲಿನಲ್ಲೇ ನಿಲ್ಲುವ ಬಣ್ಣ! ಇನ್ನು ಏಕಾದಶಿಯ ದಿನ ಅಜ್ಜಿ ಮಾಡುವುದೂ ಫಾಸ್ಟೇ. "ಅಜ್ಜೀ, ಊಟ ಇಲ್ಲದ ದಿನ ಇಷ್ಟು ಸ್ಲೋ ಆಗಿ ಹೋಗತ್ತೆ, ಅದಕ್ಕೆ ಯಾಕೆ ಫಾಸ್ಟ್ ಅಂತಾರೆ?" ಎಂದು ಮೊಮ್ಮಕ್ಕಳು ಕೇಳಿದರೆ ತಪ್ಪೇನಿಲ್ಲ. ರಾತ್ರಿಯ ಆ ಉಪವಾಸವನ್ನು ಮುರಿಯುವುದಕ್ಕೇ ಬ್ರೇಕ್‌ಫಾಸ್ಟ್ ಎಂದು ಹೆಸರು. ಹಾಗೆ ನೋಡಿದರೆ ‘ಫಾಸ್ಟ್ ಫುಡ್’ ಎಂಬುದು ‘ಉಪವಾಸದ ಊಟ’ ಎಂದಂತೆ!

ಓಡುವುದು, ಅಲ್ಲಾಡದೆ ನಿಲ್ಲುವುದು, ಊಟ ಬಿಡುವುದು. ಮೂರಕ್ಕೂ ಒಂದೇ ಪದ ಹೇಗೆ ಬಂತು? ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಮೂಲ ಅರ್ಥ ದೃಢ, ಬಿಗಿ, ಸ್ಥಿರ ಎಂಬುದೇ. ಒಂದು ನಿಯಮವನ್ನು ಬಿಗಿಯಾಗಿ ಹಿಡಿದು ನಡೆಯುವುದು ಎಂಬುದರಿಂದ ಉಪವಾಸದ ಅರ್ಥ ಹುಟ್ಟಿತು. ವೇಗದ ಅರ್ಥ ಬಂದದ್ದು ಆಮೇಲೆ, ಮಧ್ಯಕಾಲದ ಇಂಗ್ಲಿಷಿನಲ್ಲಿ. ಬಿಗಿಯಾಗಿ ಎಂಬುದು ಬಲವಾಗಿ ಎಂದಾಯಿತು. ಬಲವಾಗಿ ಓಡು ಎಂಬುದು ವೇಗವಾಗಿ ಓಡು ಎಂದಾಯಿತು. ಇದು ನಮಗೆ ಅಪರಿಚಿತವಾದ ದಾರಿಯೇನಲ್ಲ. ಪಾರಸಿ ಭಾಷೆಯ ‘ಜೋರು’ ಎಂದರೆ ಬಲ; ನಾವು "ಜೋರಾಗಿ ಓಡು" ಎನ್ನುವಾಗ ಅದನ್ನು ವೇಗವೆಂದೇ ಬಳಸುತ್ತೇವೆ.

ಈ ಪದದ ಅಣ್ಣತಮ್ಮಂದಿರ ಕಥೆಯೂ ಸ್ವಾರಸ್ಯವಾಗಿದೆ. ‘ಸ್ಪೀಡ್’ ಎಂಬುದಕ್ಕೆ ಹಿಂದೆ ಏಳಿಗೆ, ಸಫಲತೆ ಎಂಬ ಅರ್ಥವಿತ್ತು. ಪ್ರಯಾಣಕ್ಕೆ ಹೊರಟವರಿಗೆ ‘ಗಾಡ್‌ಸ್ಪೀಡ್’ ಎಂದು ಹರಸುವುದು ದೇವರು ನಿನ್ನ ಗಾಡಿಯನ್ನು ಓಡಿಸಲಿ ಎಂದಲ್ಲ, ಹೋದ ಕೆಲಸ ಕೈಗೂಡಲಿ ಎಂದು. ನಮ್ಮವರ "ಸುಖವಾಗಿ ಹೋಗಿ ಬನ್ನಿ" ಇದ್ದ ಹಾಗೆ. ‘ಕ್ವಿಕ್’ ಎಂದರೆ ಜೀವಂತ. ಉಗುರಿನ ಕೆಳಗಿನ ಸೂಕ್ಷ್ಮ ಮಾಂಸಕ್ಕೆ ಇವತ್ತಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಭಾಷಾಶಾಸ್ತ್ರಜ್ಞರ ಪ್ರಕಾರ ಅದೂ ಸಂಸ್ಕೃತದ ‘ಜೀವ’ವೂ ಒಂದೇ ಮೂಲದಿಂದ ಬಂದವು.

ನಮ್ಮ ಕಡೆಯ ಪದಗಳನ್ನು ನೋಡಿದರೆ ಚಿತ್ರ ಬೇರೆ. ‘ವೇಗ’ ಬಂದದ್ದು ಕಂಪಿಸು, ತಲ್ಲಣಿಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ; ‘ಉದ್ವೇಗ’ ಅದರ ಒಡಹುಟ್ಟು. ‘ಅವಸರ’ ಎಂದರೆ ಸಂಸ್ಕೃತದಲ್ಲಿ ಸಂದರ್ಭ, ಅವಕಾಶ. ಹಿಂದಿಯವರು ಇಂದಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಕನ್ನಡದಲ್ಲಾದರೋ ಅವಕಾಶ ಹೋಗಿ ಗಡಿಬಿಡಿ ಉಳಿಯಿತು. ‘ಆತುರ’ ಎಂದರೆ ಪೀಡಿತ; ಆಯುರ್ವೇದದಲ್ಲಿ ಆತುರನೆಂದರೆ ರೋಗಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಮಾಡಿದವರು ಪದದ ಮೂಲ ಹುಡುಕಿಕೊಂಡು ಹೋದವರಲ್ಲದಿದ್ದರೂ ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು. ಇನ್ನು ‘ನಿಧಾನ’. ಸಂಸ್ಕೃತದಲ್ಲಿ ಈ ಪದಕ್ಕೆ ಜೋಪಾನವಾಗಿ ಇಡುವುದು, ನಿಕ್ಷೇಪ ಎಂಬ ಅರ್ಥಗಳಿವೆ. ‘ನಿಧಿ’ ಅದೇ ಧಾತುವಿನಿಂದ ಬಂದದ್ದು.

ಪದಗಳ ಮೂಲ ಹಿಡಿದು ನೀತಿ ಹೇಳುವುದು ಅಷ್ಟು ಸರಿಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಒಪ್ಪುತ್ತೇವೆ. ಸಾವಿರ ವರ್ಷದ ಹಿಂದಿನ ಅರ್ಥ ಇಂದಿನವರನ್ನು ಕಟ್ಟಿಹಾಕಬೇಕಿಲ್ಲ. ಆದರೂ ಬಿಗಿ ಮತ್ತು ವೇಗ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡ ಭಾಷೆ ನಮಗೊಂದು ಒಳ್ಳೆಯ ಪ್ರಶ್ನೆಯನ್ನು ಒದಗಿಸಿದೆ: ನಾವು ಇಷ್ಟು ವೇಗವಾಗಿ ಓಡುತ್ತಿರುವಾಗ ಯಾವುದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇವೆ?

ಈ ಪ್ರಶ್ನೆ ಕೇಳುವುದಕ್ಕೆ ಟೆಕ್ಸಸ್ಸಿಗಿಂತ ತಕ್ಕ ಜಾಗ ಇಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳಿಂದ ಒಂದೊಂದು ಉದಾಹರಣೆ ತೆಗೆದುಕೊಳ್ಳೋಣ.

ಮೊದಲು ಆಸ್ಟಿನ್. ಆಸ್ಟಿನ್ನಿನ ದಕ್ಷಿಣದಿಂದ ಸೆಗೀನ್ ಕಡೆಗೆ ಹೋಗುವ ಸ್ಟೇಟ್ ಹೈವೇ 130ರ ಸುಮಾರು 41 ಮೈಲಿಯ ಟೋಲ್ ರಸ್ತೆ 2012ರಲ್ಲಿ ತೆರೆದಾಗ ಅಲ್ಲಿ ಗಂಟೆಗೆ 85 ಮೈಲಿಯ ಮಿತಿ ಹಾಕಿದರು. ಅಮೆರಿಕದಲ್ಲೇ ಅತಿ ಹೆಚ್ಚಿನ ವೇಗಮಿತಿ ಅದು. 1974ರಲ್ಲಿ ಪೆಟ್ರೋಲಿನ ಅಭಾವದಿಂದ ದೇಶಕ್ಕೆಲ್ಲ 55 ಮೈಲಿಯ ಮಿತಿ ಹಾಕಿದ್ದು ನಮ್ಮ ಹಿರಿಯ ಸದಸ್ಯರಿಗೆ ನೆನಪಿರಬಹುದು. ರಾಷ್ಟ್ರೀಯ ಮಿತಿಯ ಆ ಕಾನೂನು 1995ರಲ್ಲಿ ಹೋಯಿತು. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ನಮ್ಮಲ್ಲಿ ಇಂಜಿನಿಯರುಗಳಿಗೆ ಕೊರತೆಯಿಲ್ಲ, ತಪ್ಪಿದ್ದರೆ ತಿದ್ದುವವರು ಬೇಕಾದಷ್ಟಿದ್ದಾರೆ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಸುಮಾರು 240 ಮೈಲಿ. ಒಂದೇ ಸಮನೆ 75ರಲ್ಲಿ ಹೋದರೆ 3 ಗಂಟೆ 12 ನಿಮಿಷ. 85ರಲ್ಲಿ ಹೋದರೆ 2 ಗಂಟೆ 49 ನಿಮಿಷ. ಉಳಿದದ್ದು 23 ನಿಮಿಷ. ಅಷ್ಟನ್ನು ಬಕೀಸ್‌ನಲ್ಲಿ ಒಂದು ಸಲ ಗಾಡಿ ನಿಲ್ಲಿಸಿದರೆ ಕಳೆದುಕೊಳ್ಳುತ್ತೇವೆ. ಆದರೆ ಓಡುವ ಗಾಡಿಯ ಶಕ್ತಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಮೈಲಿಯಲ್ಲಿರುವ ಕಾರಿಗಿಂತ 85ರಲ್ಲಿರುವ ಅದೇ ಕಾರಿನ ಶಕ್ತಿ ಎರಡರಷ್ಟು. ಅಪಘಾತವಾದರೆ ಒಳಗಿರುವವರು ತಡೆದುಕೊಳ್ಳಬೇಕಾದದ್ದೂ ಅದನ್ನೇ. ಟೆಕ್ಸಸ್ಸಿನ ರಸ್ತೆಗಳಲ್ಲಿ ಒಬ್ಬರೂ ಸಾಯದೆ ಕಳೆದ ಕೊನೆಯ ದಿನವೆಂದು ರಾಜ್ಯದ ಸಾರಿಗೆ ಇಲಾಖೆ ಹೇಳುವುದು 2000ದ ನವೆಂಬರ್ 7ನ್ನು. ಆಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಅಂಥ ಒಂದು ದಿನವೂ ಬರಲಿಲ್ಲ. ಎಲ್ಲ ಸಾವಿಗೂ ವೇಗವೇ ಕಾರಣವಲ್ಲ. ಆದರೆ 23 ನಿಮಿಷಕ್ಕಾಗಿ ನಾವು ಏನನ್ನು ಪಣಕ್ಕೆ ಇಡುತ್ತೇವೆ ಎಂಬುದು ಕಾರಿನ ಹಿಂದಿನ ಸೀಟನ್ನು ಒಮ್ಮೆ ತಿರುಗಿ ನೋಡಿದರೆ ತಿಳಿಯುತ್ತದೆ.

ಹಾಗಾದರೆ ವೇಗವೇ ಕೆಟ್ಟದ್ದೇ? ಖಂಡಿತ ಇಲ್ಲ. ಇದಕ್ಕೆ ಹ್ಯೂಸ್ಟನ್ನಿಗೆ ಹೋಗೋಣ. ಮಿದುಳಿಗೆ ಹೋಗುವ ರಕ್ತ ನಿಂತು ಪಾರ್ಶ್ವವಾಯು ಬಡಿದಾಗ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಎಷ್ಟು ಮೊದಲಾದರೆ ಅಷ್ಟು ಒಳ್ಳೆಯದು. ಅದಕ್ಕೆಂದೇ ಸ್ಕ್ಯಾನ್ ಯಂತ್ರವನ್ನೇ ಆಂಬುಲೆನ್ಸಿನಲ್ಲಿಟ್ಟು ರೋಗಿಯ ಮನೆ ಬಾಗಿಲಿಗೆ ಒಯ್ಯುವ ಅಮೆರಿಕದ ಮೊದಲ ಗಾಡಿ 2014ರಲ್ಲಿ ಹ್ಯೂಸ್ಟನ್ನಿನಲ್ಲಿ ಓಡಾಡಲು ಆರಂಭಿಸಿತು. ವೈದ್ಯರು ಜನಸಾಮಾನ್ಯರಿಗೆ ಕಲಿಸುವ ಸೂತ್ರವೂ ‘ಫಾಸ್ಟ್’ ಎಂಬುದೇ. ಫೇಸ್, ಆರ್ಮ್, ಸ್ಪೀಚ್, ಟೈಮ್ ಎಂಬ ನಾಲ್ಕು ಪದಗಳ ಮೊದಲ ಅಕ್ಷರಗಳು ಸೇರಿ ಆದದ್ದು ಅದು. ಮುಖದ ಒಂದು ಕಡೆ ಜೋತುಬಿದ್ದಿದೆಯೇ, ಎರಡೂ ಕೈ ಎತ್ತಿದರೆ ಒಂದು ಕೆಳಗೆ ಇಳಿಯುತ್ತದೆಯೇ, ಮಾತು ತೊದಲುತ್ತದೆಯೇ, ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ 911ಕ್ಕೆ ಕರೆಮಾಡಿ. ಊರಿನಿಂದ ಹಿರಿಯರು ಬಂದಿರುವ ಮನೆಗಳವರು ಇದನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಈ ವೇಗ ಒಂದು ಜೀವಕ್ಕೆ ಕಟ್ಟಿಕೊಂಡ ವೇಗ. ಮೇಲೆ ಹೇಳಿದ ‘ಕ್ವಿಕ್’ ಮತ್ತು ‘ಜೀವ’ ಇಲ್ಲಿ ಮತ್ತೆ ಕೈಕೈ ಹಿಡಿದಿವೆ.

ಹ್ಯೂಸ್ಟನ್ನಿನಲ್ಲೇ ಇನ್ನೊಂದು ದೃಷ್ಟಾಂತವಿದೆ. ಜಾನ್ಸನ್ ಬಾಹ್ಯಾಕಾಶ ಕೇಂದ್ರವನ್ನು ತೋರಿಸದೆ ನಾವು ಯಾವ ನೆಂಟರನ್ನೂ ಊರಿಗೆ ಕಳಿಸುವುದಿಲ್ಲವಷ್ಟೆ! ಅಲ್ಲಿನವರು ಹಗಲಿರುಳು ನೋಡಿಕೊಳ್ಳುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಗಂಟೆಗೆ ಸುಮಾರು 17,500 ಮೈಲಿ ವೇಗದಲ್ಲಿ ಓಡುತ್ತ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಲ್ಲಿ ಭೂಮಿಯ ಸೆಳೆತ ಇಲ್ಲವೆಂದು ಹಲವರು ತಿಳಿದಿದ್ದಾರೆ. ನೆಲದ ಮೇಲಿರುವ ಸೆಳೆತದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅಲ್ಲೂ ಇದೆ. ಸೆಳೆತ ಇಲ್ಲದಿದ್ದರೆ ನಿಲ್ದಾಣ ನೆಟ್ಟಗೆ ಓಡಿ ಕತ್ತಲೆಯಲ್ಲಿ ಕಾಣೆಯಾಗುತ್ತಿತ್ತು. ವೇಗ ಇಲ್ಲದಿದ್ದರೆ ಕೆಳಗೆ ಬೀಳುತ್ತಿತ್ತು. ಅದು ಫಾಸ್ಟ್ ಎಂಬ ಪದದ ಎರಡೂ ಅರ್ಥದಲ್ಲಿ ಫಾಸ್ಟ್: ಓಡುತ್ತಲೂ ಇದೆ, ಬಿಗಿಯಾಗಿ ಹಿಡಿಯಲ್ಪಟ್ಟೂ ಇದೆ. ದೂರ ಬಂದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೇ?

ಇನ್ನು ಡಲ್ಲಾಸ್. ನಮ್ಮ ಸದಸ್ಯರಲ್ಲಿ ಎಷ್ಟೋ ಜನರ ಅನ್ನಕ್ಕೆ ದಾರಿಯಾದ ಕಂಪ್ಯೂಟರ್ ಚಿಪ್ಪಿನ ಮೂಲ ಇಲ್ಲಿದೆ. 1958ರಲ್ಲಿ ಜ್ಯಾಕ್ ಕಿಲ್ಬಿ ಎಂಬ ಇಂಜಿನಿಯರ್ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಹೊಸದಾಗಿ ಸೇರಿದ್ದರು. ಜುಲೈ ತಿಂಗಳಲ್ಲಿ ಸಹೋದ್ಯೋಗಿಗಳೆಲ್ಲ ಒಟ್ಟಿಗೆ ರಜೆಯ ಮೇಲೆ ಹೋದರು. ಹೊಸಬರಾದ ಕಿಲ್ಬಿಯವರಿಗೆ ಇನ್ನೂ ರಜೆ ಸಿಕ್ಕಿರಲಿಲ್ಲ. ಬಹುಪಾಲು ಖಾಲಿಯಾಗಿದ್ದ ಪ್ರಯೋಗಾಲಯದಲ್ಲಿ ಯಾರ ಗದ್ದಲವೂ ಇಲ್ಲದೆ ಕುಳಿತು ಯೋಚಿಸಿದಾಗ ಬಿಡಿಬಿಡಿಯಾದ ಭಾಗಗಳನ್ನೆಲ್ಲ ಒಂದೇ ತುಣುಕಿನಲ್ಲಿ ಮಾಡಬಹುದೆಂಬ ವಿಚಾರ ಹೊಳೆಯಿತು. ಸೆಪ್ಟೆಂಬರ್ 12ರಂದು ಅದನ್ನು ಮಾಡಿ ತೋರಿಸಿದರು. 2000ದಲ್ಲಿ ನೊಬೆಲ್ ಪಾರಿತೋಷಕ ಬಂತು. ಇಂದಿನ ಜಗತ್ತಿನ ವೇಗಕ್ಕೆಲ್ಲ ಒಂದು ಮೂಲವಾದ ವಸ್ತು ಹುಟ್ಟಿದ್ದು ಯಾರೂ ಅವಸರಪಡಿಸದಿದ್ದ ಬೇಸಿಗೆಯಲ್ಲಿ! ಕಿಲ್ಬಿಯವರ ಪಾಲಿಗೆ ‘ಅವಸರ’ ಹಳೆಯ ಅರ್ಥದಲ್ಲಿ ಬಂದಿತ್ತು: ಅವಕಾಶವಾಗಿ.

ಈ ಉದಾಹರಣೆಗಳಿಂದ ನಮಗೆ ತೋಚುವುದಿಷ್ಟು. ವೇಗ ತಾನಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ಗಡಿಯಾರ ಫಾಸ್ಟಾದರೆ ರಿಪೇರಿಗೆ ಕೊಡುತ್ತೇವೆ. ಆಂಬುಲೆನ್ಸ್ ಫಾಸ್ಟಾದರೆ ಕೈಮುಗಿಯುತ್ತೇವೆ. ವೇಗ ಯಾವುದಕ್ಕೆ ಕಟ್ಟಿಕೊಂಡಿದೆ ಎಂಬುದರ ಮೇಲೆ ಅದರ ಬೆಲೆ. ಕಟ್ಟಿಕೊಳ್ಳಲು ಏನೂ ಇಲ್ಲದ ವೇಗಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಆತುರ.

ಈ ಅಳತೆಗೋಲನ್ನು ಈಗ ನಮ್ಮ ಮನೆಗಳ ಒಳಗೆ ತರೋಣ. ಇಲ್ಲೇ ಇರುವುದು ಕಷ್ಟ.

ಶಾಲೆಯಿಂದ ಬಂದ ಮಗು ಊಟದ ಮೇಜಿನ ಹತ್ತಿರ ಬಂದು, "ಅಮ್ಮಾ, ಇವತ್ತು... ನಮ್ಮ ಟೀಚರು... ಒಂದು..." ಎಂದು ಶುರುಮಾಡುತ್ತದೆ. ಮುಂದಿನ ಪದ ಕನ್ನಡದಲ್ಲಿ ಸಿಗುತ್ತಿಲ್ಲ. ಕಣ್ಣು ಮೇಲೆ ಮಾಡಿ ಹುಡುಕುತ್ತಿದೆ. ಒಲೆಯ ಮೇಲೆ ಸಾರು, ಏಳು ಗಂಟೆಗೆ ಸಾಕರ್ ಪ್ರಾಕ್ಟೀಸ್, ಎಂಟಕ್ಕೆ ಇಂಡಿಯಾದವರೊಡನೆ ಆಫೀಸಿನ ಕರೆ. "ಸರಿ ಸರಿ, ಇಂಗ್ಲಿಷಲ್ಲೇ ಹೇಳು ಪುಟ್ಟಾ, ಫಾಸ್ಟ್" ಎಂದುಬಿಡುತ್ತೇವೆ. ಮಗು ಹಗುರಾಗಿ ಇಂಗ್ಲಿಷಿನಲ್ಲಿ ಹೇಳಿ ಓಡುತ್ತದೆ. ಉಳಿದದ್ದು ಹತ್ತು ಸೆಕೆಂಡು. ಮಾರನೆಯ ದಿನವೂ ಹೀಗೆಯೇ. ಮೂರು ವರ್ಷದ ಮೇಲೆ ಅದೇ ಮಗು ಕನ್ನಡದಲ್ಲಿ ಶುರುಮಾಡುವುದನ್ನೇ ಬಿಟ್ಟಿರುತ್ತದೆ. ಆಗ ನಾವು ಯುಗಾದಿಯ ಊಟದಲ್ಲಿ ಕುಳಿತು, ಇಲ್ಲಿನ ವಾತಾವರಣವೇ ಹೀಗೆ, ಮಕ್ಕಳಿಗೆ ಕನ್ನಡ ನಿಲ್ಲುವುದಿಲ್ಲ ಎಂದು ಚರ್ಚೆ ಮಾಡುತ್ತೇವೆ. ಬಣ್ಣ ನೂಲಿನಲ್ಲಿ ನಿಲ್ಲಬೇಕಾದರೆ ಬಟ್ಟೆ ಬಣ್ಣದ ನೀರಿನಲ್ಲಿ ಸಾಕಷ್ಟು ಹೊತ್ತು ಇರಬೇಕು. ಅದ್ದಿ ತೆಗೆದ ಬಣ್ಣ ಮೊದಲ ಒಗೆತಕ್ಕೇ ಹೋಗುತ್ತದೆ. ಭಾಷೆಯೂ ಅಷ್ಟೆ. ಮಗುವಿಗೆ ಪದ ಸಿಗದ ಆ ಹತ್ತು ಸೆಕೆಂಡಿನ ಮೌನವೇ ಕನ್ನಡ ಇಳಿಯುವ ಹೊತ್ತು. ಅದನ್ನು ನಾವು ಕೊಟ್ಟರೆ ಉಂಟು, ಇಲ್ಲವಾದರೆ ಸಂಘದ ಭಾನುವಾರದ ತರಗತಿಯ ಗುರುಗಳು ಎಷ್ಟು ಶ್ರಮಪಟ್ಟರೂ ಅದನ್ನು ತುಂಬಿಕೊಡಲಾರರು.

ಹಿರಿಯರ ವಿಷಯ ಇದಕ್ಕಿಂತ ಸೂಕ್ಷ್ಮ. ಆರು ತಿಂಗಳಿಗೆಂದು ಬಂದ ತಂದೆತಾಯಿಗಳು ಒಂದು ಸಂಗತಿ ಹೇಳಬೇಕಾದರೆ ಅದಕ್ಕೆ ಮೊದಲು ಆ ಮನೆ ಯಾವ ಬೀದಿಯಲ್ಲಿತ್ತು, ಆ ವರ್ಷ ಮಳೆ ಹೇಗಿತ್ತು, ಆ ಮನುಷ್ಯ ಯಾರ ಅಳಿಯ ಎಂಬುದೆಲ್ಲ ಬರಲೇಬೇಕು. "ಅಜ್ಜೀ, ಫಾಸ್ಟ್ ಫಾರ್ವರ್ಡ್ ಮಾಡಿ" ಎಂದು ಮೊಮ್ಮಕ್ಕಳು ನಗುತ್ತಾರೆ, ನಾವೂ ನಗುತ್ತೇವೆ. ಆದರೆ ಆ ಸುತ್ತುದಾರಿಯಲ್ಲೇ ನಮ್ಮ ಮನೆತನದ ಕಥೆ ಇರುವುದು. ಅದು ಬೇರೆ ಎಲ್ಲೂ ಬರೆದಿಟ್ಟಿಲ್ಲ. ನಿಧಾನ ಎಂದರೆ ನಿಧಿ ಎಂಬುದು ಇಲ್ಲಿ ಅಕ್ಷರಶಃ ನಿಜ. ಇದಕ್ಕೆ ವಿರುದ್ಧವಾಗಿ, ಊರಿನಿಂದ ಅಪರಾತ್ರಿಯಲ್ಲಿ ಫೋನು ಬಂದ ದಿನ ಎಷ್ಟು ವೇಗ ಇದ್ದರೂ ಸಾಲದು. ಡಲ್ಲಾಸಿನಿಂದಾಗಲಿ ಹ್ಯೂಸ್ಟನ್ನಿನಿಂದಾಗಲಿ ಹೊರಟು, ನಡುವೆ ವಿಮಾನ ಬದಲಿಸಿ, ಬೆಂಗಳೂರು ಮುಟ್ಟಿ, ಅಲ್ಲಿಂದ ಊರು ಸೇರುವುದರೊಳಗೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಕೊನೆಯ ದರ್ಶನ ಸಿಗದವರು ನಮ್ಮ ಸಂಘದಲ್ಲಿ ಒಬ್ಬಿಬ್ಬರಲ್ಲ. ಆ ದಿನ ಬೇಕಾಗುವ ಹೊತ್ತನ್ನು ಯಾವ ಜೆಟ್ ವಿಮಾನವೂ ಉಳಿಸಿಕೊಡದು. ಅವರು ನಮ್ಮ ಸೋಫಾದ ಮೇಲೆ ಕುಳಿತು ಮಾತು ಶುರುಮಾಡಿದ ದಿನವೇ ಅದನ್ನು ಗಳಿಸಿಕೊಳ್ಳಬೇಕು.

ಕೊನೆಯದಾಗಿ ನಮ್ಮ ಸಂಘದ್ದೇ ಒಂದು ಮಾತು. ಹೆದ್ದಾರಿಯಲ್ಲಿ 80 ಮೈಲಿಗೆ ಕಡಿಮೆ ಓಡಿಸದ ನಾವು ಐದು ಗಂಟೆಯ ಕಾರ್ಯಕ್ರಮಕ್ಕೆ ಆರೂಕಾಲಿಗೆ ಬರುವುದು ಹೇಗೆ? ಇದಕ್ಕೆ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಎಂಬ ಹಳೆಯ ನಗೆಚಾಟಿಕೆ ಇದೆ. ಆದರೆ ಹೊತ್ತಿಗೆ ಸರಿಯಾಗಿ ಬರುವುದು ವೇಗಕ್ಕೆ ಸಂಬಂಧಿಸಿದ್ದೇ ಅಲ್ಲ. ಕೊಟ್ಟ ಮಾತಿಗೆ ನಿಲ್ಲುವುದಕ್ಕೆ ಸಂಬಂಧಿಸಿದ್ದು. ವೇಷ ಕಟ್ಟಿಕೊಂಡು, ಗೆಜ್ಜೆ ಬಿಗಿದು, ಖಾಲಿ ಕುರ್ಚಿಗಳ ಮುಂದೆ ಕಾಯುವ ಪುಟ್ಟ ಮಕ್ಕಳಿಗೆ ನಾವು ಎಷ್ಟು ಫಾಸ್ಟಾಗಿ ಬಂದೆವೆಂಬುದು ಮುಖ್ಯವಲ್ಲ. ನಾವು ಬರುತ್ತೇವೆ ಎಂದ ಹೊತ್ತಿಗೆ ಅಲ್ಲಿದ್ದೆವೇ ಎಂಬುದು ಮುಖ್ಯ. ಪದದ ಹಳೆಯ ಅರ್ಥದಲ್ಲಿ ನಾವು ಫಾಸ್ಟಾದರೆ ಹೊಸ ಅರ್ಥದಲ್ಲಿ ಫಾಸ್ಟಾಗುವ ಅಗತ್ಯ ಎಷ್ಟೋ ಕಡಿಮೆಯಾಗುತ್ತದೆ. ಹತ್ತು ನಿಮಿಷ ಮೊದಲೇ ಮನೆ ಬಿಟ್ಟವನು 65ರಲ್ಲಿ ಆರಾಮಾಗಿ ಬರಬಹುದು.

ಕನ್ನಡದ ‘ಬೇಗ’ ಎಂಬ ಪದ ‘ವೇಗ’ದಿಂದಲೇ ಬಂದದ್ದು. ಆದರೆ ಬರುವಾಗ ದಾರಿಯಲ್ಲಿ ಇನ್ನೊಂದು ಅರ್ಥವನ್ನೂ ಸೇರಿಸಿಕೊಂಡು ಬಂತು. "ಬೇಗ ಏಳು" ಎಂದರೆ ಹೊತ್ತಿಗೆ ಮುಂಚೆ ಏಳು ಎಂದು. ಹಾಸಿಗೆಯಿಂದ ಹಾರು ಎಂದಲ್ಲ. ಫೋನಿನಲ್ಲಿ ಅಮ್ಮ ಕೊನೆಗೆ "ಬೇಗ ಬಾಪ್ಪಾ" ಎಂದಾಗ ಆಕೆ ಕೇಳುತ್ತಿರುವುದು ವೇಗವನ್ನಲ್ಲ. ಈ ವರ್ಷ ಸಾಧ್ಯವಾದರೆ ಮುಂದಿನ ವರ್ಷದವರೆಗೆ ತಳ್ಳಬೇಡ ಎಂದು ಆಕೆ ಹೇಳುತ್ತಿದ್ದಾಳೆ. ಓದುಗ ಬಂಧುಗಳು ಈ ಬೇಸಿಗೆಯ ರಜೆಯ ಟಿಕೀಟು ಕಾದಿರಿಸುವ ಮೊದಲು ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲಿ ಎಂದು ಬೇಡುತ್ತೇವೆ. ಎಲ್ಲರೂ ನಿಧಾನವಾಗಿ ಗಾಡಿ ಓಡಿಸಿ, ಮನೆ ತಲುಪಿದ ಮೇಲೆ ಒಂದು ಫೋನು ಮಾಡಿ.